ಖಾಲಿ ಮರಳದ ಡಬ್ಬಿ

ನಮ್ಮ ಯಜಮಾನರ ಅಕ್ಕನ ಮಗಳು ಹೋದ ಬೇಸಿಗೆಯಲ್ಲಿ ಒಂದು ತಿಂಗಳು ಬೈಲಹೊಂಗಲದ ನಮ್ಮ ಮನೆಯಲ್ಲಿ ಇದ್ದಳು. ಧಾರವಾಡದಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಮೂರನೆಯ ವರ್ಷ. ವಿಷಯ ಟೈಪ್ ಥಿಯರಿ. ಬಂದ ಮರುದಿನವೇ ಪಕ್ಕದ ಮನೆಯಾಕೆ, ಕಟ್ಟೆಯ ಮೇಲೆ ಹುಣಸೇಹಣ್ಣಿನ ಬೀಜ ಬಿಡಿಸುತ್ತ ಕುಳಿತವರು, ಏನು ಓದುತ್ತೀ ಎಂದು ಕೇಳಿದರು. ಅವಳು ಹೇಳಿದಳು.

"ಟೈಪಿಂಗಾ? ನಮ್ಮ ನಾದ್ನಿ ಇಲ್ಲೇ ಬಸ್ ಸ್ಟ್ಯಾಂಡ್ ಹಿಂದ ಆರು ತಿಂಗಳದಾಗ ಕಲ್ತಳವಾ. ಜೂನಿಯರ್, ಸೀನಿಯರ್ ಎರಡೂ ಪಾಸಾದ್ಳು. ನಿನಗ ಮೂರು ವರ್ಷ ಯಾಕ ಬೇಕಾತು?"

ಹುಡುಗಿ ನಕ್ಕು ಒಳಗೆ ಬಂದಳು. ಒಳಗೆ ಬಂದ ಮೇಲೆ ಮುಖದಲ್ಲಿ ನಗು ಇರಲಿಲ್ಲ. ಮೂರು ವರ್ಷ ಯಾಕೆ ಬೇಕಾಯಿತು ಎಂದು ಅವಳ ಪರಿಶೀಲನಾ ಸಮಿತಿಯೂ ಕೇಳಿತ್ತು. ವರ್ಷಕ್ಕೊಮ್ಮೆ ಆ ಸಮಿತಿಯ ಮುಂದೆ ನಿಂತು ತಾನು ಮಾಡಿದ ಕೆಲಸ ತೋರಿಸಬೇಕು. ಹಿಂದಿನ ಸಲ ಇದು ಸಾಲದು ಎಂದಿದ್ದರು. ಎರಡನೆಯ ಸಲವೂ ಹಾಗೆಯೇ ಅಂದರೆ ಸಂಶೋಧನೆ ಅಲ್ಲಿಗೇ ಮುಗಿಯಿತು. ತೋರಿಸಬೇಕಾದದ್ದು ಒಂದೇ ಒಂದು ಸಾಧನೆ, ಗಣಿತದ ಪ್ರಮೇಯವನ್ನು ಸಾಧಿಸಿ ತೋರಿಸುವಂಥದ್ದು. ಅದು ಆರು ತಿಂಗಳಿಂದ ಒಂದೇ ಜಾಗದಲ್ಲಿ ಮುರಿದು ಬೀಳುತ್ತಿತ್ತು. ಸಮಿತಿ ಸೇರಲು ಉಳಿದದ್ದು ನಾಲ್ಕು ವಾರ. ಇತ್ತ ರಾಮದುರ್ಗದಲ್ಲಿ ಅವಳ ತಾಯಿ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಕೆಲಸಕ್ಕೆ ಮಾತಾಡಿಟ್ಟಿದ್ದರು. ಅಲ್ಲಿಗೆ ಹೋದರೆ ತಾಯಿ ದಿನಕ್ಕೆ ನಾಲ್ಕು ಸಲ ಕೇಳುತ್ತಾರೆಂದು ಅವಳು ನಮ್ಮಲ್ಲಿಗೆ ಬಂದಿದ್ದಳು.

ತಿಳಿಯದವರಿಗೆ ತಿಳಿಸಿ ಹೇಳು, ಎಲ್ಲಿ ತೊಡಕಿದೆ ಎಂಬುದು ನಿನಗೇ ಕಾಣುತ್ತದೆ ಎಂದು ಅವಳ ಮಾರ್ಗದರ್ಶಕರು ಹೇಳಿದ್ದರಂತೆ. ತಿಳಿಯದವಳಾಗಿ ಸಿಕ್ಕವಳು ನಾನು. ಊಟದ ನಂತರ ನಾನು ಅಡುಗೆಮನೆ ಒರೆಸುವಾಗ ಅವಳು ಹೊಸ್ತಿಲ ಮೇಲೆ ಕುಳಿತು ಶುರು ಮಾಡುತ್ತಿದ್ದಳು. ಮೊದಮೊದಲು ಇಂಗ್ಲಿಷಿನಲ್ಲೇ ಹೇಳಿದಳು, ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳೆಂದು. ಪ್ರತಿಯೊಂದು ಶಬ್ದವೂ ನನಗೆ ಗೊತ್ತಿತ್ತು, ವಾಕ್ಯ ಮಾತ್ರ ಗೊತ್ತಾಗುತ್ತಿರಲಿಲ್ಲ. ಆದರೂ ಸಿಸ್ಟರ್‌ಗಳ ಮುಂದೆ ಆಡಿಸಿದಂತೆ ತಲೆ ಆಡಿಸುತ್ತಿದ್ದೆ. ಮೂರನೆಯ ದಿನ ಅವಳು ಮಾತು ನಿಲ್ಲಿಸಿದಳು.

"ಮಾಮಿ, ನೀವು ತಲಿ ಆಡಸ್ಲಿಕ್ಕೆ ಹತ್ತೀರಿ. ತಿಳದದ್ದಕ್ಕಲ್ಲ, ನೀವು ಒಳ್ಳೇವರು ಅಂತ."

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆಗೆ, ಅಂದರೆ ಅವಳ ಅಜ್ಜಿಗೆ, ಇದರಿಂದ ಬಹಳ ಖುಷಿಯಾಯಿತು. ಟೈಪ್ ಅಂದರೇನು, ಅಷ್ಟನ್ನು ಕನ್ನಡದಲ್ಲಿ ಹೇಳು ಎಂದರು. ಹುಡುಗಿ ಸ್ವಲ್ಪ ತಡವರಿಸಿ, ಒಂದು ವಸ್ತು ಯಾವ ಜಾತಿಯದು ಎಂದು ಮೊದಲೇ ಗುರುತಿಸುವುದು ಎಂದಳು. ಜಾತಿ ಬ್ಯಾಡವಾ, ಅದು ಈಗಾಗಲೇ ಭಾಳ ಆಗೇದ, ಯಾವ ನಮೂನಿ ಅನ್ನು, ಎಂದರು ಅತ್ತೆ. ಅಂದಿನಿಂದ ನಮ್ಮ ಮನೆಯಲ್ಲಿ ಟೈಪ್ ಹೋಗಿ ನಮೂನಿ ಆಯಿತು. ಆ ಶಬ್ದ ಬಂದ ಮೇಲೆ ನನ್ನ ತಲೆ ಸುಮ್ಮಸುಮ್ಮನೆ ಆಡುವುದು ಕಡಿಮೆಯಾಯಿತು.

ನನ್ನ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿಟ್ಟಿದ್ದೇನೆ. ಅಕ್ಷರಗಳು ಗೆರೆಯ ಮೇಲೆ ಕೂರಬೇಕು, ತೇಲಬಾರದು ಎಂದು ಕಲಿಸಿದ ಸಿಸ್ಟರ್ ಒಬ್ಬರಿದ್ದರು. ಆ ಚಟ ನನಗೆ ಬಿಟ್ಟಿಲ್ಲ. ಯಜಮಾನರು ಇದನ್ನು ಔಷಧದ ಅಂಗಡಿ ಎಂದು ಕರೆಯುತ್ತಾರೆ. ಹುಡುಗಿ ಆ ಡಬ್ಬಿಗಳನ್ನೇ ಹಿಡಿದುಕೊಂಡಳು. ಕಂಪ್ಯೂಟರ್ ಕಣ್ಣಿಲ್ಲದ ಅಡುಗೆಯವನ ಹಾಗೆ, ಒಳಗೇನಿದೆ ಎಂದು ನೋಡುವುದಿಲ್ಲ, ಸಕ್ಕರೆ ಎಂದು ಹೇಳಿದ ಡಬ್ಬಿಯಿಂದ ಎರಡು ಚಮಚ ಹಾಕು ಅಂದರೆ ಹಾಕುತ್ತದೆ. ಒಳಗೆ ಉಪ್ಪಿದ್ದರೆ ಪಾಯಸ ಕೆಟ್ಟಿತು. ಅದಕ್ಕೇ ಒಲೆ ಹಚ್ಚುವ ಮೊದಲು, ಬರೀ ಅಡುಗೆಯ ವಿಧಾನ ಓದಿಯೇ, ಇದರಲ್ಲಿ ಎಲ್ಲಿಯೂ ತಪ್ಪು ಡಬ್ಬಿಗೆ ಕೈ ಹೋಗುವುದಿಲ್ಲ ಎಂದು ಹೇಳಬಲ್ಲ ಒಬ್ಬ ಪರೀಕ್ಷಕ ಬೇಕು. ಆ ಪರೀಕ್ಷಕನ ನಿಯಮಗಳನ್ನು ಬರೆಯುವುದು, ಅವು ಎಂದೂ ಮೋಸ ಮಾಡುವುದಿಲ್ಲವೆಂದು ಸಾಧಿಸಿ ತೋರಿಸುವುದು, ಇದು ಅವಳ ಕೆಲಸ.

ಅವಳು ಒಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆಯನ್ನು ತಾನೇ ಕಟ್ಟಿದ್ದಳು. ಅದರಲ್ಲಿ ಪ್ರೋಗ್ರಾಮಿನ ಒಂದು ಭಾಗ ತನ್ನ ವಸ್ತುವನ್ನು ಇನ್ನೊಂದು ಭಾಗಕ್ಕೆ ಎರವಲು ಕೊಡಬಹುದು. ತೊಡಕಿದ್ದದ್ದು ಅಲ್ಲಿಯೇ. ಕೊಟ್ಟ ವಸ್ತು ಹೋದ ನಮೂನಿಯಲ್ಲೇ ವಾಪಸು ಬರಬೇಕು ಎಂದು ನಿಯಮ ಮಾಡಿದರೆ ಸಾಧನೆ ಸಲೀಸು, ಆದರೆ ಭಾಷೆ ಉಪಯೋಗಕ್ಕಿಲ್ಲ. ತೆಗೆದುಕೊಂಡವರು ಅದನ್ನು ಬದಲಿಸಲೂಬಹುದು ಎಂದು ಬಿಟ್ಟರೆ ಸಾಧನೆ ಅದೇ ಮೆಟ್ಟಿಲಲ್ಲಿ ಜಾರುತ್ತದೆ. ಇಷ್ಟನ್ನು ಅವಳು ನನಗೆ ಹತ್ತು ದಿನ ಹತ್ತು ಬಗೆಯಲ್ಲಿ ಹೇಳಿದಳು. ನನಗೆ ಪೂರ್ತಿ ತಿಳಿಯಿತು. ಅವಳಿಗೆ ದಾರಿ ಮಾತ್ರ ಕಾಣಲಿಲ್ಲ.

ಎರಡನೆಯ ವಾರದ ಕೊನೆಗೆ ಒಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. ಮಾರ್ಗದರ್ಶಕರಿಗೆ ಇಂಗ್ಲಿಷಿನಲ್ಲಿ ಬರೆದ ಪತ್ರ. ಸಮಿತಿಯ ಮುಂದೆ ಬರುವುದಿಲ್ಲ, ಸಂಶೋಧನೆಯನ್ನು ಇಲ್ಲಿಗೇ ನಿಲ್ಲಿಸಲು ಒಪ್ಪಿಗೆ ಕೊಡಬೇಕು ಎಂದಿತ್ತು. ನಿಮ್ಮ ಇಂಗ್ಲಿಷ್ ಛಲೋ ಅದ, ತಪ್ಪಿದ್ದರೆ ತಿದ್ದಿ ಕೊಡ್ರಿ, ಸೋಮವಾರ ಕಳಿಸುತ್ತೇನೆ ಎಂದಳು. ನಾನು ಓದಿ ಎರಡು ಅಲ್ಪವಿರಾಮಗಳನ್ನು ಸರಿಪಡಿಸಿದೆ. ಸರಿಪಡಿಸಿದ ಮೇಲೆ ನನಗೆ ನಾಚಿಕೆಯಾಯಿತು. ಹುಡುಗಿ ಮೂರು ವರ್ಷದ ಕೆಲಸ ಬಿಟ್ಟು ಹೊರಟಿದ್ದಾಳೆ, ನಾನು ಅಲ್ಪವಿರಾಮ ನೋಡುತ್ತಿದ್ದೇನೆ. ಆದರೆ ಬೇಡ ಅನ್ನಲು ನನ್ನಲ್ಲಿ ಯಾವ ಮಾತಿತ್ತು? ರಾಮದುರ್ಗದ ಕೆಲಸ ಕೆಟ್ಟದ್ದೇನಲ್ಲ, ಮಕ್ಕಳಿಗೆ ಕಲಿಸುವುದು ಒಳ್ಳೆಯದೇ. ನಾನು ಅಷ್ಟನ್ನೇ ಹೇಳಿದೆ. ಅವಳು ಹೂಂ ಎಂದು ಲ್ಯಾಪ್‌ಟಾಪ್ ಮುಚ್ಚಿದಳು.

ಅದೇ ದಿನ ನಾಲ್ಕು ಗಂಟೆಗೆ ಚಹಾಕ್ಕಿಟ್ಟೆ. ಕೈ ತನ್ನಷ್ಟಕ್ಕೆ ಸಕ್ಕರೆ ಡಬ್ಬಿಗೆ ಹೋಯಿತು, ಐದು ಚಮಚ ಹಾಕಿತು. ಮನಸ್ಸು ಆ ಪತ್ರದಲ್ಲೇ ಇತ್ತು. ಸೋಸಲು ಹೋದರೆ ಚಹಾ ಇಳಿಯಲೊಲ್ಲದು. ಜಾಲರಿಯಲ್ಲಿ ಗಂಜಿಯಂತೆ ಕುಳಿತುಬಿಟ್ಟಿತು. ಹುಡುಗಿ ಬಂದು ನೋಡಿದಳು, ಡಬ್ಬಿಯೊಳಗೆ ಬೆರಳಿಟ್ಟಳು. ಸಣ್ಣ ರವೆ. ಮೇಲೆ ನನ್ನ ದುಂಡನೆಯ ಅಕ್ಷರದಲ್ಲಿ "ಸಕ್ಕರೆ".

"ಮಾಮಿ, ನಿಮ್ಮ ಡಬ್ಬಿ ಸುಳ್ಳ ಹೇಳ್ಯದ."

ಅತ್ತೆ ನಾಲಿಗೆ ಕಚ್ಚಿಕೊಂಡರು. ಆ ವಾರ ಪಕ್ಕದ ಮನೆಯಲ್ಲಿ ಸೊಸೆಯ ಕುಬಸ ಇತ್ತು. ಬಸುರಿ ಹೆಂಗಸಿಗೆ ಉಡಿ ತುಂಬುವ ಕಾರ್ಯ, ಮನೆ ತುಂಬ ಜನ. ಸಕ್ಕರೆ ಸಾಲದೆ ಬಂದಾಗ ನಾನು ಡಬ್ಬಿಯನ್ನೇ ಎತ್ತಿ ಕೊಟ್ಟಿದ್ದೆ. ಅವರು ಆ ದಿನ ಬೆಳಿಗ್ಗೆ ಡಬ್ಬಿ ವಾಪಸು ತಂದಿದ್ದರು. ಸಕ್ಕರೆಯನ್ನು ಸಂತೆಯ ದಿನ ತಂದು ಕೊಡುತ್ತೇವೆ, ಡಬ್ಬಿ ಖಾಲಿ ಕೊಡಬಾರದಲ್ಲ, ಅದಕ್ಕೇ ಶಿರಾ ಮಾಡಿ ಉಳಿದ ರವೆ ಹಾಕಿದ್ದೇವೆ ಎಂದು ಹೇಳಿ ಅತ್ತೆಯ ಕೈಗೆ ಕೊಟ್ಟು ಹೋಗಿದ್ದರು. ಅತ್ತೆ ಅದನ್ನು ಅದರ ಜಾಗದಲ್ಲಿಟ್ಟರು, ಹೇಳುವುದನ್ನು ಮರೆತರು.

ಹುಡುಗಿ ನಗಲು ಶುರು ಮಾಡಿದವಳು ನಡುವೆಯೇ ನಿಲ್ಲಿಸಿದಳು. ಅಜ್ಜಿಯ ಎದುರಿಗೆ ನೆಲದ ಮೇಲೆ ಕುಳಿತು, ಖಾಲಿ ಯಾಕೆ ಕೊಡಬಾರದು ಎಂದು ಕೇಳಿದಳು. ಕೊಡಬಾರದು ಅಂದರೆ ಕೊಡಬಾರದು, ಕೊಟ್ಟವರ ಮನೆ ತುಂಬಿರಲಿ ಅಂತ ಎಂದರು ಅತ್ತೆ. ಹಾಗಾದರೆ ಡಬ್ಬಿ ಕೊಡುವಾಗ ಅದರಲ್ಲಿ ತಿರುಗಿ ಏನು ಬರುತ್ತದೆ ಎಂದು ನಿನಗೆ ಗೊತ್ತಿರುತ್ತದೆಯೇ ಎಂದು ಅವಳು ಕೇಳಿದಳು.

"ನನಗೆಲ್ಲಿ ಗೊತ್ತಿರತದ? ಅವರ ಮನ್ಯಾಗ ಏನಿರತದೋ ಅದು. ಬೆಲ್ಲ ಬರಬಹುದು, ಶೇಂಗಾ ಬರಬಹುದು. ಆದ್ರ ಕೊಟ್ಟು ಹೋಗೂ ಮುಂದ ಇದು ಇಂಥಾದ್ದು ಅಂತ ಬಾಯಿಬಿಟ್ಟು ಹೇಳೇ ಹೋಗ್ತಾರ. ಅಕಿ ಹೇಳಿದ್ಳು. ನಾ ಚೀಟಿ ಬದಲ ಮಾಡು ಅಂತ ನಿಮ್ಮ ಮಾಮಿಗೆ ಹೇಳ್ಲಿಲ್ಲ. ಡಬ್ಬೀದೇನು ತಪ್ಪು?"

ಹುಡುಗಿ ಆ ಡಬ್ಬಿಯನ್ನು ತಂದು ಮುಂದಿಟ್ಟುಕೊಂಡಳು. ಆಮೇಲೆ ನಿಧಾನವಾಗಿ, ನನಗೆ ಹೇಳುವಂತೆ ತನಗೇ ಹೇಳಿಕೊಂಡಳು. ಇಷ್ಟು ದಿನ ತಾನು ಡಬ್ಬಿಯನ್ನಷ್ಟೇ ವಾಪಸು ತರಿಸುತ್ತಿದ್ದಳು, ಅದರ ಜೊತೆ ಬರಬೇಕಾದ ಮಾತನ್ನು ತರಿಸಲೇ ಇಲ್ಲ. ಎರವಲು ಒಪ್ಪಂದದಲ್ಲಿ ಎರಡು ನಮೂನಿ ಬರೆಯಬೇಕು: ಹೋಗುವಾಗ ಇದ್ದದ್ದು, ಬರುವಾಗ ಇರುವುದು. ಮರಳಿ ಬಂದ ಗಳಿಗೆಯಲ್ಲಿ ಕೊಟ್ಟವರು ಚೀಟಿ ಬದಲಿಸಬೇಕು, ಅದಕ್ಕಿಂತ ಮೊದಲೂ ಅಲ್ಲ, ನಂತರವೂ ಅಲ್ಲ. ಹೋದದ್ದೇ ಬರುತ್ತದೆ ಎಂದು ಸಾಧಿಸಲು ಹೆಣಗಿದ್ದು ತಪ್ಪು. ಬಂದದ್ದು ಏನೆಂದು ಹೇಳಿಯೇ ಬರುತ್ತದೆ ಎಂದು ಸಾಧಿಸಿದರೆ ಸಾಕು.

"ಆತೇನು?" ಎಂದೆ.

"ಇಲ್ಲ ಮಾಮಿ. ಆದ್ರ ಇಷ್ಟು ದಿನ ಇಲ್ಲದ ಬಾಗಿಲಾ ಬಡೀಲಿಕ್ಕೆ ಹತ್ತಿದ್ದೆ."

ಸೋಮವಾರ ಬಂತು, ಪತ್ರ ಹೋಗಲಿಲ್ಲ. ಅವಳು ಊಟದ ತಟ್ಟೆಯ ಪಕ್ಕದಲ್ಲಿ ಹಾಳೆ ಇಟ್ಟುಕೊಳ್ಳುವುದನ್ನು ನೋಡಿ ತಿಳಿದುಕೊಂಡೆ. ಸಾಧನೆ ಮತ್ತೆ ಎರಡು ಸಲ ಮುರಿಯಿತು, ಆದರೆ ಈಗ ಬೇರೆ ಬೇರೆ ಜಾಗದಲ್ಲಿ ಮುರಿಯಿತು. ಅದು ಒಳ್ಳೆಯ ಲಕ್ಷಣ ಎಂದು ಅವಳು ವಿವರಿಸಿದಳು. ಒಂದು ಮಧ್ಯಾಹ್ನ ನಾನೇ ಧೈರ್ಯ ಮಾಡಿ ಒಂದು ಪ್ರಶ್ನೆ ಕೇಳಿದೆ: ಡಬ್ಬಿ ಇನ್ನೂ ಅವರ ಮನೆಯಲ್ಲೇ ಇರುವಾಗ ಯಾರಾದರೂ ಸಕ್ಕರೆ ಇದೆಯೇ ಎಂದು ಕೇಳಿ, ನಾನು ಇದೆ ಎಂದುಬಿಟ್ಟರೆ? ಅವಳು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಅದಕ್ಕೆ ಆಗಲೇ ನಿಯಮ ಇದೆ, ಡಬ್ಬಿ ಹೊರಗಿರುವಾಗ ಅದರ ಮಾತೇ ಎತ್ತುವ ಹಾಗಿಲ್ಲ ಎಂದಳು. ಆದರೆ ಸಮಿತಿಯವರು ಕೇಳುವ ಮೊದಲ ಪ್ರಶ್ನೆ ಅದೇ ಇರುತ್ತದೆ ಎಂದೂ ಹೇಳಿದಳು. ಆ ದಿನ ನಾನು ರೊಟ್ಟಿ ಬಡಿಯುವಾಗ ಹಾಡಿಕೊಂಡೆ.

ಸಮಿತಿಯ ದಿನ ಬೆಳಗಿನ ಬಸ್ಸಿಗೆ ಅವಳು ಧಾರವಾಡಕ್ಕೆ ಹೋದಳು. ಮಧ್ಯಾಹ್ನ ಮೂರಕ್ಕೆ ಫೋನು ಬಂತು. ಮುಂದುವರಿಯಲು ಒಪ್ಪಿದ್ದರು. ಹೊಗಳಲಿಲ್ಲವಂತೆ. ಇಂಥದ್ದನ್ನು ಬೇರೆ ಭಾಷೆಗಳಿಗೆ ಬೇರೆಯವರು ಮಾಡಿದ್ದಾರೆ, ನಿನ್ನದು ಸಣ್ಣ ಹೆಜ್ಜೆ, ಆದರೆ ಸಾಧನೆ ನಿಲ್ಲುತ್ತದೆ ಎಂದರಂತೆ. ಒಬ್ಬರು ಕೇಳಿದ ಒಂದು ಪ್ರಶ್ನೆಗೆ ಅವಳು ಗೊತ್ತಿಲ್ಲ ಎಂದಳು. ಹಾಗಾದರೆ ಮುಂದಿನ ವರ್ಷ ಅದನ್ನೇ ಮಾಡು ಎಂದರಂತೆ ಅವರು. ಇದನ್ನು ಹೇಳುವಾಗ ಅವಳ ದನಿಯಲ್ಲಿ ಆ ಗೊತ್ತಿಲ್ಲ ಎಂಬುದೇ ಎಲ್ಲಕ್ಕಿಂತ ದೊಡ್ಡ ಸಂತೋಷವಾಗಿ ಕೇಳಿತು.

ತಾಯಿಗೆ ಫೋನಿನಲ್ಲಿ ಹೇಳಲು ಅವಳಿಗೆ ಧೈರ್ಯವಾಗಲಿಲ್ಲ. ಸಂಜೆಯ ಬಸ್ಸಿಗೆ ವಾಪಸು ಬಂದು, ಮಾಮಿ, ನೀವೂ ಬರ್ರಿ ಎಂದಳು. ಮರುದಿನ ಇಬ್ಬರೂ ಹೊರಟೆವು. ಸವದತ್ತಿಯಲ್ಲಿ ಬಸ್ಸು ಬದಲಿಸಿ, ಕಟಕೋಳದ ಕಡೆ ಬಿತ್ತನೆಗೆಂದು ಹರಗಿ ಬಿಟ್ಟ ಕಪ್ಪು ಎರೆಹೊಲಗಳನ್ನು ನೋಡುತ್ತ ಹೋದೆವು. ದಾರಿಯುದ್ದಕ್ಕೂ ಅವಳು ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದಳು. ಮಳೆಗೆ ಇನ್ನೂ ಎರಡು ವಾರ ಇತ್ತು.

ಅವಳ ತಾಯಿ ರಾಮದುರ್ಗದಲ್ಲಿ ಮನೆಯಲ್ಲೇ ಜಂಪರ್, ಅಂದರೆ ರವಿಕೆ, ಹೊಲಿಯುತ್ತಾರೆ. ನಾವು ಹೋದಾಗ ಮಷೀನಿನ ಮುಂದೆ ಇದ್ದರು. ಹುಡುಗಿ ಬಾಯಿಪಾಠ ಮಾಡಿದ್ದನ್ನೆಲ್ಲ ಮರೆತು ಒಂದೇ ಉಸಿರಿಗೆ, ಸಮಿತಿಯವರು ಒಪ್ಪಿದರು, ಇನ್ನೂ ಎರಡು ವರ್ಷ ಬೇಕು, ಶಾಲೆಯ ಕೆಲಸ ಬೇಡ ಎಂದಳು. ತಾಯಿ ಹೊಲಿಗೆ ಮುಗಿಸಿ ದಾರ ಕತ್ತರಿಸಿದರು. ಬೈಯುತ್ತಾರೆಂದು ನಾನು ಕಾದೆ.

"ಸಾಲ್ಯಾಗ ನಾಳೆ ನಾನ ಹೋಗಿ ಹೇಳಿ ಬರತೇನಿ, ಅದಕ್ಕೇನು. ಆದ್ರ ಯಾಕ ಬರೂದಿಲ್ಲ ಅಂತ ಕೇಳಿದ್ರ ಏನ ಹೇಳ್ಲಿ? ಮೂರು ವರ್ಷ ಆತು, ಮಗಳು ಏನ ಮಾಡ್ತಾಳ ಅಂತ ಮಂದಿ ಕೇಳಿದಾಗೆಲ್ಲಾ ಕಂಪ್ಯೂಟರ್ ಅಂತಂದು ಸುಮ್ನ ಆಗೇನಿ. ನಿಮ್ಮ ಮಾಮಿಗೆ ಒಂದು ತಿಂಗಳ ತನಕ ತಿಳಿಸಿ ಹೇಳೀದಿ. ನನಗ ಒಂದ ದಿನ ಹೇಳಿಲ್ಲ."

ಅದು ಸಿಟ್ಟಲ್ಲ ಎಂದು ನಮಗಿಬ್ಬರಿಗೂ ತಿಳಿಯಿತು. ಹುಡುಗಿಯ ಮುಖ ಕೆಂಪಾಯಿತು. ಅವಳು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತಿದ್ದಳು. ಈಗ ಬಿಟ್ಟು ಒಳಗೆ ಬಂದು, ಬಟ್ಟೆಯ ಗಂಟುಗಳ ನಡುವೆ ಜಾಗ ಮಾಡಿಕೊಂಡು ಕುಳಿತಳು. ಗಿರಾಕಿಗಳು ಬಟ್ಟೆ ಕೊಟ್ಟು ಹೋಗುತ್ತಾರೆ, ನೀನು ಅದನ್ನು ಜಂಪರ್ ಮಾಡಿ ವಾಪಸು ಕೊಡುತ್ತೀ, ಕೊಟ್ಟದ್ದೇ ಬೇರೆ, ಬಂದದ್ದೇ ಬೇರೆ, ಆದರೂ ಯಾರೂ ಜಗಳ ಮಾಡುವುದಿಲ್ಲ, ಯಾಕೆ ಎಂದು ಶುರು ಮಾಡಿದಳು. ತಾಯಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಲೆ ಅಲ್ಲಾಡಿಸಿದರು, ಒಪ್ಪಿ ಅಲ್ಲ.

"ಎಲ್ಲಾನೂ ಹಂಗ ಅಲ್ಲಲಾ. ಬಟ್ಟಿ ಜೋಡಿ ಅಳತಿಗಂತ ಒಂದು ಹಳೇ ಜಂಪರ್ ಕೊಟ್ಟಿರ್ತಾರ. ಅದು ಹೆಂಗ ಬಂದಿತ್ತೋ ಹಂಗ ಹೋಗಬೇಕು. ಒಂದು ಹೊಲಿಗಿ ಬಿಚ್ಚೂ ಹಂಗಿಲ್ಲ."

"ಅದಕ್ಕ ಬ್ಯಾರೆ ನಮೂನಿ ಅದ, ಅವ್ವಾ. ಅದನ್ನ ಹೇಳೋದು ಇನ್ನೂ ತ್ರಾಸ."

ತಾಯಿ ಮಷೀನಿನ ಮೇಲೆ ಹೊದಿಕೆ ಎಳೆದು, ಟೇಪನ್ನು ಕೊರಳಿಂದ ತೆಗೆದಿಟ್ಟು, ಮಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

"ಹೇಳು," ಎಂದರು.