‘ಆರಾಮ’ ಅಂದವರ ಕಾಯಿಲೆ

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ದಿನವಿಡೀ ಮಾತಾಡುವುದೇ ನನ್ನ ಉದ್ಯೋಗ. ಆದರೂ ಸಂಜೆ ಮನೆಗೆ ಹೊರಟಾಗ, ಇವತ್ತು ಯಾರೊಂದಿಗೂ ಮಾತಾಡಲಿಲ್ಲವಲ್ಲ ಎನಿಸುತ್ತದೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ಫೋನಿನಲ್ಲಿ ಆರೋಗ್ಯ ಸಲಹೆ ಕೊಡುವ ಕಚೇರಿಯ ನರ್ಸು ನಾನು. ನಮ್ಮ ಕೋಣೆಯಲ್ಲಿ ನರ್ಸುಗಳಿಗೆಂದು ಐದು ಕುರ್ಚಿಗಳಿವೆ. ಒಬ್ಬೊಬ್ಬರಾಗಿ ನಾಲ್ವರು ಬಿಟ್ಟುಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಈಗ ಒಂದರ ಮೇಲೆ ನಾನು, ಇನ್ನೊಂದರ ಮೇಲೆ ನನ್ನ ಊಟದ ಡಬ್ಬಿ.

ಫೋನನ್ನು ಮೊದಲು ಎತ್ತುವವರು ಹೊರಗಿನ ಕೋಣೆಯ ಗುಮಾಸ್ತರು. ಕಂಪ್ಯೂಟರ್ ಕೇಳೆಂದದ್ದನ್ನು ಕೇಳಿ, ಕಾಯಿಲೆ ಇದ್ದವರನ್ನಷ್ಟೇ ನನಗೆ ದಾಟಿಸುತ್ತಾರೆ. ಪಾಪ, ಕಂಪ್ಯೂಟರಿಗೆ ನಮ್ಮ ಕಡೆಯ ಮರ್ಯಾದೆ ಗೊತ್ತಿಲ್ಲ. ಇಲ್ಲಿ ಮೈ ಕೆಂಡವಾಗಿದ್ದರೂ ‘ಆರಾಮ ಅದೀರೇನ್ರಿ?’ ಎಂದರೆ ‘ಆರಾಮ್ರಿ’ ಎನ್ನಬೇಕು. ಎರಡನೆಯ ಸಲ ಕೇಳಿದರೇ ಕಾಯಿಲೆ ಹೊರಬರುವುದು. ನರ್ಸಿಂಗ್ ಪುಸ್ತಕಗಳಲ್ಲಿ ನಾಡಿಗೆ, ಉಸಿರಿಗೆ, ಜ್ವರಕ್ಕೆ ಅಧ್ಯಾಯಗಳಿವೆ. ಈ ಎರಡನೆಯ ಸಲಕ್ಕೆ ಒಂದು ಸಾಲೂ ಇಲ್ಲ.

ಮೊನ್ನೆ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಮುಗಿದ ಕರೆಗಳ ಪಟ್ಟಿ ನೋಡುತ್ತಿದ್ದೆ. ಗುಡೂರಿನ ಗಂಗವ್ವ, ವಯಸ್ಸು ಅರವತ್ತೆಂಟು, ‘ತೊಂದರೆ ಇಲ್ಲ’. ತೊಂದರೆ ಇಲ್ಲದವರು ನಮಗೇಕೆ ಫೋನ್ ಮಾಡುತ್ತಾರೆ? ಕರೆ ಎತ್ತಿದ್ದ ಹೊಸ ಗುಮಾಸ್ತೆ ನಸೀಮಾಳನ್ನು ಕೇಳಿದೆ.

“ಆರಾಮ ಅದೀನಿ ಅಂದ್ರಕ್ಕಾ. ಒಳ್ಳೇದಾತ್ರಿ ಅಂತ ಇಟ್ಟೆ,” ಎಂದಳು.

ಅವಳನ್ನು ಬೈದು ಏನು ಪ್ರಯೋಜನ? ಹಿಂದೆ ಹೊಸಬರ ಪಕ್ಕ ನರ್ಸುಗಳಲ್ಲೊಬ್ಬರು ಕೂತು ಕೇಳಿಸಿಕೊಳ್ಳುತ್ತಿದ್ದರು. ಈಗ ಕೂರುವವರು ಯಾರು? ನಾನೇ ಗಂಗವ್ವನಿಗೆ ಫೋನ್ ಹಚ್ಚಿ, ಹೇಗಿದ್ದೀರೆಂದು ಕೇಳಿದೆ.

“ಆರಾಮ್ರಿ ಯವ್ವಾ.”

“ಊಟ ಆತೇನ್ರಿ?”

“ಎಲ್ಲೀದ್ರಿ! ಮುಂಜಾನಿಂದ ಎದ್ಯಾಗ ಹಿಂಡಿದಂಗ ಆಗಾಕತ್ತೈತಿ. ನೋವು ರಟ್ಟಿತನಾ ಇಳದೈತಿ. ಮನ್ಯಾಗ ಯಾರೂ ಇಲ್ರಿ.”

ಇನ್ನೊಂದು ಫೋನಿನಿಂದ ಆಂಬುಲೆನ್ಸ್ ಕರೆಯಲು ನಸೀಮಾಳಿಗೆ ಹೇಳಿದೆ.

“ಗಾಡಿ ಬರೂತನಾ ಫೋನ್ ಇಡಬ್ಯಾಡ್ರಿ,” ಎಂದರು ಗಂಗವ್ವ.

ಪರದೆಯ ಮೇಲೆ ನನಗಾಗಿ ಕಾಯುವವರ ಹೆಸರುಗಳು ಒಂದರ ಕೆಳಗೊಂದು ಬೆಳೆಯುತ್ತಿದ್ದವು. ಅವರಲ್ಲೂ ಒಬ್ಬರಿಗೆ ಎದೆ ಹಿಂಡುತ್ತಿದ್ದರೆ? ಭಾರೀ ಹೆದರಿಕೆಯಾಯಿತು. ಆದರೂ ಫೋನ್ ಇಡಲಿಲ್ಲ. ಕೂತಲ್ಲೇ ಕೂತಿರಿ ಎಂದು ಹೇಳುತ್ತ, ಅವರ ಉಸಿರು ಕೇಳುತ್ತ ಕೂತೆ. ಕೊನೆಗೆ ಗಾಡಿಯ ಸದ್ದು, ನಾಯಿ ಬೊಗಳಿದ್ದು, ಯಾರೋ ಬಾಗಿಲು ಬಡಿದದ್ದು ಕೇಳಿಸಿತು.

“ಇನ್ನ ಇಡ್ರಿ ಯವ್ವಾ. ಮಂದಿ ಬಂದ್ರು.”

ಗಂಗವ್ವ ಉಳಿದರು, ಸಂಜೆ ದವಾಖಾನೆಯಿಂದ ಸುದ್ದಿ ಬಂತು. ಆದರೆ ಫೋನ್ ಇಟ್ಟ ಆ ಗಳಿಗೆಯಲ್ಲಿ, ಸುಳ್ಳೇಕೆ ಹೇಳಲಿ, ಎದೆನೋವಿನ ಮುದುಕಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅವರಿಗೆ ಮಂದಿ ಬಂದರು, ನನಗೆ ಮುಂದಿನ ಕರೆ ಬಂತು.