ಚಾವಣಿಗೆ ಹಾರಿದ ದ್ರಾಕ್ಷಿ ರಸ

ನಾಲ್ಕು ದಿನದ ತರಬೇತಿಗೆಂದು ನನ್ನ ಗಂಡ ಬಸ್ಸಿನಲ್ಲಿ ಗೌರಿಬಿದನೂರಿಗೆ ಹೊರಟಾಗ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು ಒಂದೇ ಮಾತು ಹೇಳಿದರು: "ಒಳಗಡೆ ಕೂತ್ಕೊಂಡು ಏನೂ ತಿನ್ಬೇಡಿ, ಅಷ್ಟೇ." ಅದು ಹನ್ನೆರಡು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಕಾರು. ಆದರೂ ಅವರು ಪ್ರತಿ ಭಾನುವಾರ ಅದರ ಮ್ಯಾಟುಗಳನ್ನು ಬಿಸಿಲಿಗೆ ಹಾಕುತ್ತಾರೆ. ಹತ್ತುವ ಮೊದಲು ನಾವು ಚಪ್ಪಲಿ ಕೊಡವಬೇಕು. ನಾವು ಒಳಗೆ ಏನೂ ತಿನ್ನಲಿಲ್ಲ. ಇದನ್ನು ಇವತ್ತಿಗೂ ಧೈರ್ಯವಾಗಿ ಹೇಳುತ್ತೇನೆ.

ನಾವು ಅಂದರೆ ನಾನು ಮತ್ತು ಗಂಡನ ತಂಗಿ. ಅವರನ್ನು ಮಂಡಿಕಲ್ ಕಡೆಯ ದೊಡ್ಡ ಒಕ್ಕಲು ಮನೆಗೆ ಕೊಟ್ಟಿದೆ. ವರ್ಷಕ್ಕೊಮ್ಮೆ ಶಿಡ್ಲಘಟ್ಟದ ನಮ್ಮ ಮನೆಗೆ ಬಂದು ಒಂದು ವಾರ ಇದ್ದು ಹೋಗುತ್ತಾರೆ. ನಮ್ಮಿಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಹದಿನೆಂಟು ವರ್ಷದಿಂದ ಒಬ್ಬರನ್ನೊಬ್ಬರು ಬಹುವಚನದಲ್ಲೇ ಮಾತಾಡಿಸುತ್ತ ಬಂದಿದ್ದೆವು. ಜಗಳ ಇರಲಿಲ್ಲ, ಸಲಿಗೆಯೂ ಇರಲಿಲ್ಲ. "ಇನ್ನೊಂದು ದೋಸೆ ಹಾಕಲಾ?", "ಸಾಕು ಬಿಡಿ" ಎನ್ನುವುದರಲ್ಲೇ ಅವರ ರಜೆ ಮುಗಿದುಹೋಗುತ್ತಿತ್ತು.

ಮೊದಲ ದಿನ ಇಬ್ಬರೂ ನಂದಿಗೆ ಹೋಗಿದ್ದೆವು. ಅಲ್ಲಿ ತೋಟ ಮಾಡಿಕೊಂಡಿರುವ ನಾದಿನಿಯ ಗೆಳತಿ ತಾನೇ ಹಿಂಡಿದ ಕಪ್ಪು ದ್ರಾಕ್ಷಿ ರಸವನ್ನು ಎರಡು ಲೀಟರಿನ ಬಾಟಲಿಗೆ ತುಂಬಿಕೊಟ್ಟಳು. ದಾರಿಯಲ್ಲಿ ಬಾಟಲಿ ಉರುಳಿ ಮುಂದಿನ ಸೀಟಿನ ಅಡಿಗೆ ಸೇರಿತು. ಇಬ್ಬರೂ ಮರೆತೆವು. ಮಾರನೆಯ ದಿನವೆಲ್ಲ ಕಾರು ಮನೆ ಮುಂದೆ ಬಿಸಿಲಿನಲ್ಲಿ ಕಾಯುತ್ತ ನಿಂತಿತ್ತು.

ಮೂರನೆಯ ದಿನ ಬೆಳಿಗ್ಗೆ ನಾದಿನಿಗೆ ನೆನಪಾಗಿ, ಹಿಂದಿನ ಸೀಟಿನಲ್ಲಿ ಕೂತು ಬಗ್ಗಿ ಬಾಟಲಿ ಎಳೆದರು. ಅದು ಹೊಟ್ಟೆ ಉಬ್ಬಿಸಿಕೊಂಡಿತ್ತು.

"ನೋಡಿ ಇಲ್ಲಿ, ಎಷ್ಟು ದಪ್ಪ ಆಗಿದೆ" ಎಂದು ಮುಚ್ಚಳ ತಿರುಗಿಸಿದರು.

ಡಬ್ ಎಂದು ಒಂದು ಸದ್ದು. ಮುಚ್ಚಳ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ರಸ ನೆಟ್ಟಗೆ ಮೇಲಕ್ಕೆ ಚಿಮ್ಮಿ, ಚಾವಣಿಯ ಕೆನೆ ಬಣ್ಣದ ಬಟ್ಟೆಗೆ ಬಡಿದು, ಅಲ್ಲಿಂದ ಅವರ ತಲೆ, ಸೀರೆ, ಸೀಟುಗಳ ಮೇಲೆ ಸುರಿಯಿತು. ನಾನು ಬಾಗಿಲ ಬಳಿ ನಿಂತಿದ್ದೆ. ಮೂಗಿನ ತುದಿಯಿಂದ ನೇರಳೆ ಹನಿ ತೊಟ್ಟಿಕ್ಕುತ್ತಿರುವ ಆ ಗಂಭೀರ ಹೆಂಗಸು ನನ್ನತ್ತ ತಿರುಗಿ ಮೆಲ್ಲಗೆ, "ಅಣ್ಣ ತಿನ್ಬೇಡಿ ಅಂದಿದ್ದ. ಇದು ಕುಡಿಯೋದಲ್ವಾ?" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಬೇಜಾರಾದಾರು ಎಂದು ಸೆರಗು ಬಾಯಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಅವರೇ ಸೀಟಿನ ಮೇಲೆ ಉರುಳಿಕೊಂಡು ನಗತೊಡಗಿದ್ದರು.

ಆಮೇಲೆ ಕೆಲಸಕ್ಕೆ ಇಳಿದೆವು. ಸೀಟುಗಳು ನಮ್ಮ ಮಾತು ಕೇಳಿದವು. ಅಡಿಗೆ ಸೋಡ ಉದುರಿಸಿ, ವಿನಿಗರ್ ಬೆರೆಸಿದ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದಾಗ ಕಲೆ ಬಹುಪಾಲು ಹೋಯಿತು. ಚಾವಣಿಯ ವಿಷಯಕ್ಕೆ ನಾನು ಫೋನಿನಲ್ಲಿ ಒಂದು ವಿಡಿಯೋ ಹಾಕಿದೆ. ನೊರೆಯನ್ನು ಚಾವಣಿಗಲ್ಲ, ಕೈಯಲ್ಲಿರುವ ಬಟ್ಟೆಗೆ ಹಚ್ಚಿ, ಒಂದೇ ದಿಕ್ಕಿಗೆ ಮೆಲ್ಲಗೆ ಒರೆಸಬೇಕು ಎಂದು ಅದರಲ್ಲಿ ಒಬ್ಬ ಹೇಳುತ್ತಿದ್ದ. ಅವನು ಮಾತು ಮುಗಿಸುವ ಮೊದಲೇ ನಾದಿನಿ ಬಕೆಟ್ಟಿನಲ್ಲಿ ಸೋಪಿನ ಪುಡಿ ಕಲಕಿ, ಬಟ್ಟೆ ಒಗೆಯುವ ಬ್ರಶ್ಶಿನಿಂದ ಗಸಗಸ ಉಜ್ಜಲು ಶುರುಮಾಡಿದ್ದರು. "ಕಲೆ ಬಿಡ್ತಾ ಇದೆ, ನೀವೂ ಬನ್ನಿ" ಎಂದು ಕರೆದಾಗ ನಾನೂ ಇನ್ನೊಂದು ಬ್ರಶ್ ಹಿಡಿದೆ. ತಲೆ ಮೇಲೆತ್ತಿ ಉಜ್ಜುವಾಗ ನೊರೆ ತೋಳಿನೊಳಗೆ ಇಳಿದು ಕಚಗುಳಿ ಇಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಲೆ ಮಾಸಿ ತಿಳಿಗುಲಾಬಿಯಾಯಿತು. ಹೆಮ್ಮೆಯಿಂದ ನಾಲ್ಕೂ ಬಾಗಿಲು ತೆರೆದು ಒಣಗಲು ಬಿಟ್ಟೆವು.

ಸಂಜೆ ನೋಡಿದರೆ ಚಾವಣಿ ಕೆಳಗಿಳಿದಿತ್ತು. ಬಟ್ಟೆಯ ಹಿಂದಿನ ತೆಳು ಸ್ಪಂಜು ಹಳತಾಗಿ ಪುಡಿಯಾಗಿತ್ತು. ನೀರು ಬಿದ್ದದ್ದೇ ಅಂಟು ಪೂರ್ತಿ ಬಿಟ್ಟಿತ್ತು. ಮುಂದಿನಿಂದ ಹಿಂದಿನವರೆಗೆ ಬಟ್ಟೆ ಜೋಲಿಯಂತೆ ತೂಗುತ್ತಿತ್ತು. ಸೀರೆಯ ಪಿನ್ನುಗಳನ್ನೆಲ್ಲ ತಂದು ಚುಚ್ಚಿದೆವು. ಬೆಳಗಾಗುವಷ್ಟರಲ್ಲಿ ಅರ್ಧ ಉದುರಿದ್ದವು.

ಗಂಡ ಬರುವುದು ಅವತ್ತೇ ಸಂಜೆ ಆರಕ್ಕೆ. ಶಿಡ್ಲಘಟ್ಟದಲ್ಲಿ ಸೀಟು ಹೊಲಿಯುವವರೆಲ್ಲ ಅವರಿಗೆ ಪರಿಚಯ, ಅಲ್ಲಿ ತೋರಿಸುವಂತಿರಲಿಲ್ಲ. ಹಾಗಾಗಿ ಚಿಂತಾಮಣಿಗೆ ಹೊರಟೆವು. ನಾನು ಸ್ಟೇರಿಂಗ್ ಹಿಡಿದೆ. ನಾದಿನಿ ಹಿಂದೆ ಕೂತು ಒಂದು ಕೈಯಲ್ಲಿ ಚಪಾತಿ ಲಟ್ಟಣಿಗೆ, ಇನ್ನೊಂದರಲ್ಲಿ ಮಡಿಸಿದ ಛತ್ರಿ ಹಿಡಿದು ಬಟ್ಟೆಯನ್ನು ಮೇಲಕ್ಕೆ ಎತ್ತಿ ಹಿಡಿದರು. ಪ್ರತಿ ರಸ್ತೆ ಉಬ್ಬಿಗೂ ಸ್ಪಂಜಿನ ಹಳದಿ ಪುಡಿ ಉದುರುತ್ತಿತ್ತು.

ದಾರಿಯಲ್ಲಿ ಬಸ್ಸು ಕಾಯುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ಕೈ ಅಡ್ಡ ಹಿಡಿದರು. ಕೈವಾರಕ್ಕೆ ಹೋಗಬೇಕಂತೆ, ಚಿಂತಾಮಣಿವರೆಗೆ ಬಿಟ್ಟರೆ ಸಾಕಂತೆ. ಹತ್ತಿ ಕೂತು ಮೇಲೆ ನೋಡಿದರು.

"ಏಮ್ಮಾ, ಇದೇನು ಕಾರೊಳಗೆ ಚಪ್ಪರ?"

"ಅಂಟು ಬಿಟ್ಟಿದೆ ಅಜ್ಜಿ. ಸ್ವಲ್ಪ ನೀವೂ ಹಿಡ್ಕೊಳ್ತೀರಾ?" ಎಂದರು ನಾದಿನಿ.

ಅಜ್ಜಿ ಎರಡೂ ಕೈ ಮೇಲೆತ್ತಿದರು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಇಬ್ಬರು ಹೆಂಗಸರು ಪೊಲೀಸರಿಗೆ ಶರಣಾದವರಂತೆ ಕೈ ಎತ್ತಿ ಕೂತಿದ್ದಾರೆ. ಎದುರಿನಿಂದ ಬಂದ ಬೈಕಿನವನು ಗಾಬರಿಯಾಗಿ ಕತ್ತು ತಿರುಗಿಸಿ ನೋಡಿದ. ನಗುವಿನಿಂದ ಕಣ್ಣು ತುಂಬಿ ರಸ್ತೆ ಮಂಜಾಯಿತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ.

"ನಿಲ್ಲಿಸ್ಬೇಡ ಕಣೇ, ನನ್ನ ಕೈ ಸೋತುಹೋಗಿದೆ" ಎಂದು ಹಿಂದಿನಿಂದ ನಾದಿನಿಯ ಕೂಗು ಬಂತು.

ಕಣೇ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಅವಳಿಗೆ ಅದು ಗೊತ್ತಾಗಲೂ ಇಲ್ಲ. "ಸುಮ್ನೆ ಹಿಡ್ಕೋ, ಹೊರಟೆ" ಎಂದು ನಾನೂ ಅಂದುಬಿಟ್ಟೆ.

ಚಿಂತಾಮಣಿಯಲ್ಲಿ ಅಜ್ಜಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಸೀಟು ಹೊಲಿಯುವ ಅಂಗಡಿಯೊಂದನ್ನು ಹುಡುಕಿದೆವು. ಅಂಗಡಿಯ ಸಾಹೇಬರಿಗೆ ಬಿಳಿ ಗಡ್ಡ. ಒಳಗೆ ತಲೆ ಹಾಕಿ ಜೋತ ಬಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದರು.

"ಯಾರಮ್ಮ ತೊಳೆದಿದ್ದು?"

"ಇವಳು" ಎಂದು ಇಬ್ಬರೂ ಒಟ್ಟಿಗೇ ಬೆರಳು ತೋರಿಸಿದೆವು.

"ಅರೆ, ಇದೇನು ಜಮಖಾನ ಏನಮ್ಮ, ಬಕೆಟ್ ಇಟ್ಕೊಂಡು ಒಗೆಯಕ್ಕೆ" ಎಂದು ಗಡ್ಡದೊಳಗೇ ನಕ್ಕರು. ಚಾವಣಿಯ ಹಲಗೆಯನ್ನು ಇಡಿಯಾಗಿ ಹೊರತೆಗೆದು, ಹಳೆಯ ಸ್ಪಂಜನ್ನು ಕೆರೆದು, ಅಂಟು ಹೊಡೆದು ಹೊಸ ಬಟ್ಟೆ ಎಳೆದು ಕೂರಿಸಿದರು. ಕೆನೆ ಬಣ್ಣದ್ದು ಅವರಲ್ಲಿ ಮುಗಿದಿತ್ತು. ಇದ್ದದ್ದು ಕಪ್ಪು ಇಲ್ಲವೇ ಬೂದು. ಬೂದು ಆರಿಸಿಕೊಂಡೆವು. ಅದು ಸಿದ್ಧವಾಗುವವರೆಗೆ ಎದುರಿನ ಬೇಕರಿಯಲ್ಲಿ ಕೂತು ಪಫ್ಸ್ ತಿನ್ನುತ್ತ ಅವಳ ಅತ್ತೆಯ ಬಗ್ಗೆ, ನನ್ನ ಅತ್ತೆಯ ಬಗ್ಗೆ, ಅಂದರೆ ಅವಳ ಅಮ್ಮನ ಬಗ್ಗೆ, ಎಲ್ಲವನ್ನೂ ಮಾತಾಡಿದೆವು.

ಆರು ಗಂಟೆಗೆ ಗಂಡ ಬಂದರು. ಬ್ಯಾಗನ್ನೂ ಇಳಿಸದೆ ಕಾರಿನ ಬಾಗಿಲು ತೆಗೆದು ಕೂತರು. ನಾವು ಹೊಸಿಲ ಮೇಲೆ ಉಸಿರು ಹಿಡಿದು ನಿಂತೆವು. ಅವರು ಸೀಟು ಮುಟ್ಟಿ ನೋಡಿದರು, ಮ್ಯಾಟು ನೋಡಿದರು, ಕನ್ನಡಿ ಸರಿಮಾಡಿಕೊಂಡರು. ಮೇಲೆ ನೋಡಲೇ ಇಲ್ಲ.

"ಪರವಾಗಿಲ್ಲ, ಕ್ಲೀನಾಗಿ ಇಟ್ಟಿದ್ದೀರ" ಎಂದರು.

ಅಷ್ಟೇ ಸಾಕಾಯಿತು. ನಾದಿನಿ ನನ್ನ ಹೆಗಲಿಗೆ ಮುಖ ಒತ್ತಿಕೊಂಡು ಕುಲುಕತೊಡಗಿದಳು. ನಾನು ನಗುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರು ನಮ್ಮಿಬ್ಬರನ್ನೂ ನೋಡಿದರು, ಕಾರನ್ನು ನೋಡಿದರು, ಕೊನೆಗೆ ತಲೆ ಎತ್ತಿದರು. ಮತ್ತೆ ಎಲ್ಲವನ್ನೂ ಹೇಳಲೇಬೇಕಾಯಿತು. ಮುಚ್ಚಳ ಹಾರಿದ್ದನ್ನು ಅವಳು ಹೇಳಿದಳು, ಉಳಿದದ್ದನ್ನು ನಾನು. ಅವರು ಎರಡು ದಿನ ಕಾರಿನ ಬಗ್ಗೆ ನಮ್ಮ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ, ಬೂದು ಬಣ್ಣದಲ್ಲಿ ಧೂಳು ಕಾಣುವುದಿಲ್ಲ ಎಂದು ತಾವೇ ಒಪ್ಪಿಕೊಂಡರು.

ನಾದಿನಿ ಆ ಸಲ ಹದಿಮೂರು ದಿನ ಉಳಿದಳು.