ಐದು ಅಂಕದ ಕೂಸು

೧೯೮೪ರಲ್ಲಿ, ಏಳನೇ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಇಪ್ಪತ್ತು ವರ್ಷದ ಮೇಲೆ ಮೋಟೆಬೆನ್ನೂರಿನ ಅಂಗನವಾಡಿ ಟೀಚರು ತುರುಬಿನಿಂದ ಪೆನ್ನು ತೆಗೆದು, ಮಗಳಿಗೆ ಅಂಕ ಹಾಕಲು ನನಗೇ ಹೇಳಿದಾಗ ಎದೆ ಉಬ್ಬಿತು. 'ಮಗು ಎಷ್ಟು ಪ್ರಶ್ನೆ ಕೇಳುತ್ತದೆ?' ಎಂದು ಅವರು ಕೊಟ್ಟ ಹಾಳೆಯಲ್ಲಿತ್ತು, ಕೆಳಗೆ ಒಂದರಿಂದ ಐದರವರೆಗಿನ ಅಂಕಕ್ಕೆ ಐದು ಚೌಕದ ಮನೆ. ಪ್ರಶ್ನೆಯೆಂದರೆ ಎದುರುತ್ತರ ಎಂದು ತಿಳಿದಿದ್ದ ನಾನು, ಮಗಳ ಮಾನ ಉಳಿಸಲು ಒಂದೇ ಅಂಕ ಹಾಕಿದೆ.

"ಭಾಳ ಶಾಣ್ಯಾಕಿರಿ, ಬಾಯೇ ತಗಿಯಂಗಿಲ್ಲ," ಎಂದೆ.

"ತಡೀರಿ, ಕೂಸು ಹೇಳಲಿ," ಎಂದರು ಟೀಚರು. ಯಾವಾಗಲೂ ಅವರದು ಅದೇ ಮಾತು.

ಮಗಳು ಹಾಳೆ ಎಳೆದುಕೊಂಡಳು. "ಐದ ಮನಿ ಯಾಕದಾವ? ಆರ್ ಯಾಕಿಲ್ಲ? ಟೀಚರ್, ಪೆನ್ನು ತುರುಬಿನ್ಯಾಗ ಯಾಕ ಇಡ್ತೀರಿ?"

ಟೀಚರು ಬಿದ್ದು ಬಿದ್ದು ನಕ್ಕರು. "ಸುಳ್ಳು ಬರದ್ರಿ ನೋಡ್ರಿ ಅಣ್ಣಾರ! ಕೇಳೋ ಕೂಸಿಗೇ ಹೆಚ್ಚು ಅಂಕರಿ."

ಒಂದನ್ನು ಹೊಡೆದುಹಾಕಿ ಐದು ಬರೆದೆ, ಒತ್ತಿ ಬರೆದೆ.

ಈಗ ನನಗಿರುವುದು ಎರಡು ಎಕರೆ ಮೆಣಸಿನ ಹೊಲ, ಒಂದು ಟ್ರ್ಯಾಕ್ಟರ್, ಐದು ಅಂಕದ ಮಗಳು ಒಬ್ಬಳು.